ಮೊಸರು ಕೊಟ್ಟವರು ನೀರು ಕುಡಿಯಲಿಲ್ಲ: ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ

ಬೆಳಗಿನ ಹೊತ್ತು ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತರೆ ಜನ ಹರಿಯುವ ದಿಕ್ಕು ಒಂದೇ. ಮಾರಿಕುಪ್ಪಂ ಕಡೆಯಿಂದ ಬಂದ ರೈಲು ಆಗಲೇ ತುಂಬಿರುತ್ತದೆ. ಕಾರ್ಖಾನೆಗೆ ಹೋಗುವವರು, ಆಫೀಸಿಗೆ ಹೋಗುವವರು, ಕಾಲೇಜಿನ ಹುಡುಗಿಯರು, ಎಲ್ಲರೂ ಬೆಂಗಳೂರಿನ ಕಡೆಗೆ. ಕೈಯಲ್ಲಿ ಊಟದ ಡಬ್ಬಿ, ಕಣ್ಣಲ್ಲಿ ಅರ್ಧ ನಿದ್ದೆ. ನಾನು ಆ ದಿನ ಎದುರು ದಿಕ್ಕಿನ ರೈಲು ಹತ್ತಿದೆ. ಬೋಗಿಯಲ್ಲಿ ಬೇಕಾದಷ್ಟು ಜಾಗವಿತ್ತು.

ಕೋಲಾರ ಚಿನ್ನದ ಗಣಿಗಳ ಕಾರ್ಮಿಕ ಕುಟುಂಬಗಳ ಬಗ್ಗೆ ಸಂಶೋಧನೆ ಮಾಡುತ್ತಿರುವವಳು ನಾನು. ಕಂಪನಿಯ ವರದಿಗಳನ್ನು ಓದಿ ಓದಿ ಒಂದು ವಿಷಯ ನನಗೆ ಬೇಸರ ತರಿಸಿತ್ತು. ಎಷ್ಟು ಟನ್ ಅದಿರು ಅರೆದರು, ಎಷ್ಟು ಔನ್ಸ್ ಚಿನ್ನ ಬಂತು, ಷೇರುದಾರರಿಗೆ ಎಷ್ಟು ಲಾಭ ಹಂಚಿದರು, ಎಲ್ಲದಕ್ಕೂ ಲೆಕ್ಕವಿದೆ. ಆ ಅದಿರನ್ನು ಅಗೆದವನು ಬೆಳಗ್ಗೆ ಏನು ತಿಂದು ಇಳಿದ, ಅವನ ಮನೆಗೆ ಮೊಸರು ಎಲ್ಲಿಂದ ಬಂತು ಎನ್ನುವುದಕ್ಕೆ ಲೆಕ್ಕವಿಲ್ಲ. ಹಾಗಾಗಿ ಒಂದು ದಿನ ನೋಟ್‌ಬುಕ್ ಮುಚ್ಚಿಟ್ಟು, ನಡೆಯುತ್ತಾ ತಿನ್ನುತ್ತಾ ಈ ಊರನ್ನು ನೋಡೋಣ ಎಂದು ಹೊರಟೆ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಅದು ನಮ್ಮ ಅವ್ವನಿಗೆ ಸಂಬಂಧಿಸಿದ್ದು. ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತೇವೆ.

ನಮ್ಮದು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವಿನ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಗೆ ಹೋದರೆ ತಮಿಳು. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ, ಅಂದರೆ 1960ರ ಆಸುಪಾಸಿನಲ್ಲಿ, ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಗಣಿಯ ಲೈನುಗಳಿಗೆ ಮಾರಲು ಹೋಗುತ್ತಿದ್ದಳು. ಕಾರ್ಮಿಕರ ಸಾಲುಮನೆಗಳಿಗೆ ಅಲ್ಲಿ ಲೈನು ಎಂದೇ ಹೆಸರು. ಆ ಕಥೆಯನ್ನು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು. ನಮ್ಮ ಮನೆಯ ಮೊದಲ ಎಮ್ಮೆ, ಅಪ್ಪನ ಶಾಲೆಯ ಫೀಸು, ಎಲ್ಲವೂ ಆ ಗಡಿಗೆಯಿಂದ ಬಂದದ್ದು. ಕಥೆಯ ಕೊನೆಗೆ ಅಷ್ಟೇ ಹೆಮ್ಮೆಯಿಂದ ಇನ್ನೊಂದು ಮಾತು ಸೇರಿಸುತ್ತಿದ್ದಳು: “ಅಷ್ಟು ವರ್ಷ ಹೋದೆ, ಒಂದು ದಿನಾನೂ ಅವರ ಮನೆ ನೀರು ಮುಟ್ಟಲಿಲ್ಲ.” ದುಡ್ಡನ್ನೂ ಕೈಯಿಂದ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲವಂತೆ. ಹೊಸ್ತಿಲ ಮೇಲೆ ಇಡಿಸಿ ಎತ್ತಿಕೊಳ್ಳುತ್ತಿದ್ದಳಂತೆ. ಚಿಕ್ಕವಳಾಗಿದ್ದಾಗ ಇದು ನನಗೆ ಕಥೆಯ ಒಂದು ಭಾಗ ಮಾತ್ರವಾಗಿತ್ತು. ಸಂಶೋಧನೆಗೆ ಇಳಿದ ಮೇಲೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತು.

ಬಂಗಾರಪೇಟೆ ಎಂಬ ಹೆಸರಿನಲ್ಲಿ ಬಂಗಾರವಿದೆ, ನಿಜ. ಆದರೆ ಆ ಹೆಸರು ಗಣಿಯಿಂದ ಬಂದದ್ದಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಇದು ಬೌರಿಂಗ್‌ಪೇಟೆ. ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆಗೆ ರೈಲು ಓಡಿದ್ದು 1864ರಲ್ಲಿ. ಆ ದಾರಿಯಲ್ಲಿ ಬೆಳೆದ ಊರಿದು. ಪಕ್ಕದಲ್ಲೇ ಚಿನ್ನ ಸಿಕ್ಕ ಮೇಲೆ ಬೌರಿಂಗ್‌ಗೆ ಉಳಿಗಾಲವಿರಲಿಲ್ಲ. ಬಾಯಿಗೆ ಸುಲಭವಾದದ್ದೂ ಕಣ್ಣಿಗೆ ಕಂಡದ್ದೂ ಸೇರಿ ಬೌರಿಂಗ್ ಬಂಗಾರವಾಯಿತು.

ಈ ನೆಲದಲ್ಲಿ ಚಿನ್ನವಿದೆ ಎಂಬುದು ಹಳ್ಳಿಯವರಿಗೆ ಮೊದಲಿನಿಂದಲೂ ಗೊತ್ತಿತ್ತು. 1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಇಲ್ಲಿನವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟ. 1870ರ ದಶಕದಲ್ಲಿ ಲವೆಲ್ ಎಂಬ ಐರಿಷ್ ಮಾಜಿ ಸೈನಿಕ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಆಮೇಲೆ ನಡೆದದ್ದೆಲ್ಲ ವೇಗವಾಗಿ ನಡೆಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ಸುಮಾರು 16 ಕಿಲೋಮೀಟರ್‌ನ ಕವಲು ರೈಲು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಬಂದು ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ.

ನಾನು ಕುಳಿತಿದ್ದ ರೈಲು ಅದೇ ಕವಲು ದಾರಿಯದು. ಈ ದಾರಿಯಲ್ಲಿ ಬಂದವರು ಯಾರು ಎಂದು ನೋಡಿದರೆ ಗಣಿಯ ಅಡುಗೆಮನೆ ಅರ್ಥವಾಗುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರ ಮತ್ತು ತಾಮ್ರದ ಗಣಿಗಳು ನೆಲಕಚ್ಚಿದಾಗ ಅಲ್ಲಿನ ಅನುಭವಿ ಗಣಿಗರು ಜಗತ್ತಿನ ನಾನಾ ಕಡೆ ಚದುರಿದರು, ಕೆಲವರು ಇಲ್ಲಿಗೂ ಬಂದರು. ಮೇಲ್ವಿಚಾರಣೆಗೆ ಆಂಗ್ಲೋ ಇಂಡಿಯನ್ನರು, ಕಾವಲಿಗೆ ಪಂಜಾಬಿನವರು. ಆಳಕ್ಕೆ ಇಳಿದು ಬಂಡೆ ಒಡೆದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಸೇಲಂ ಮತ್ತು ಚಿತ್ತೂರು ಕಡೆಯ ದಲಿತರು. ಊರಿನಲ್ಲಿ ಜಮೀನ್ದಾರನ ಹೊಲದಲ್ಲಿ ಜೀತ, ಬರ, ಹಸಿವು. ಇಲ್ಲಿ ಸಾವಿನ ಪಕ್ಕದ ಕೆಲಸ, ಆದರೆ ಕೈಗೆ ದುಡ್ಡು. 1901ರ ಜನಗಣತಿಯ ಹೊತ್ತಿಗೆ ಗಣಿ ಪ್ರದೇಶದ ಜನಸಂಖ್ಯೆ 38 ಸಾವಿರ ದಾಟಿತ್ತು. ಸುತ್ತಲಿನ ನಮ್ಮ ಹಳ್ಳಿಗಳವರಲ್ಲಿ ಹೆಚ್ಚಿನವರು ನೆಲದಡಿಗೆ ಇಳಿಯಲಿಲ್ಲ. ಹಾಲು, ಮೊಸರು, ಸೊಪ್ಪು, ಸೌದೆ ಮಾರಿದರು.

ಊರ್ಗಾಂನಲ್ಲಿ ಇಳಿದು ರಾಬರ್ಟ್‌ಸನ್‌ಪೇಟೆಗೆ ನಡೆದೆ. ನೇರ ಬೀದಿಗಳ, ಅಡ್ಡರಸ್ತೆಗಳ ಪೇಟೆ. ಮಾರುಕಟ್ಟೆಯ ಹತ್ತಿರ ನಿಂತರೆ ಒಂದೇ ಅಂಗಡಿಯಲ್ಲಿ ಮೂರು ಭಾಷೆ ಕೇಳಿಸುತ್ತದೆ. ಅಲ್ಲಿನ ಒಂದು ಸಣ್ಣ ಹೋಟೆಲಿನಲ್ಲಿ ಮುದ್ದೆ ಕೇಳಿದೆ. ಪಕ್ಕದ ಮೇಜಿನ ಹಿರಿಯರು ಅದನ್ನೇ ಕಳಿ ಎಂದು ಕೇಳಿದರು. ನಮ್ಮ ಮನೆಯಲ್ಲಿ ಅದು ಸಂಗಟಿ. ರಾಗಿ ಒಂದೇ, ಕುದಿಯುವ ನೀರು ಒಂದೇ, ತಿರುವುವ ಕೋಲೂ ಒಂದೇ. ತಟ್ಟೆಗೆ ಬಂದ ಮುದ್ದೆಯನ್ನು ಮುರಿದು ಸಾರಿಗೆ ಅದ್ದುವಾಗ, ಈ ಮೂರು ಹೆಸರಿನವರು ನೂರು ವರ್ಷ ಅಕ್ಕಪಕ್ಕ ಬದುಕಿಯೂ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಲಿಲ್ಲವಲ್ಲ ಅನ್ನಿಸಿತು. ಹೋಟೆಲು ಬಂದ ಮೇಲೆ ಮೇಜು ಒಂದಾಯಿತು. ಮನೆಯ ಮಾತು ಬೇರೆ.

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಬಿರಿಯಾನಿಯ ವಾಸನೆ ಎದ್ದಿತು. ದೊಡ್ಡ ಹಂಡೆ, ಪಕ್ಕದಲ್ಲಿ ಬದನೆಕಾಯಿ ಗೊಜ್ಜು. ಮಾಂಸಕ್ಕೆ ದುಡ್ಡಿಲ್ಲದವರಿಗೆ ಅದೇ ಅನ್ನ ಕುಸ್ಕ ಎಂಬ ಹೆಸರಿನಲ್ಲಿ. ಬಿರಿಯಾನಿಯ ಜೊತೆ ಬದನೆಕಾಯಿ ಕೊಡುವುದು ಆಂಬೂರು, ವಾಣಿಯಂಬಾಡಿಯ ರೂಢಿ. ನಕ್ಷೆ ತೆಗೆದು ನೋಡಿ: ಬಂಗಾರಪೇಟೆಯಿಂದ ಜೋಲಾರ್‌ಪೇಟೆ, ಅಲ್ಲಿಂದ ಚೆನ್ನೈ ದಾರಿಯಲ್ಲಿ ವಾಣಿಯಂಬಾಡಿ, ಆಂಬೂರು. ಇವೆರಡೂ ಹಳೆಯ ಉತ್ತರ ಆರ್ಕಾಟು ಜಿಲ್ಲೆಯ ಊರುಗಳು. ಕಾರ್ಮಿಕರು ಬಂದ ಸೀಮೆಯೂ ಅದೇ, ಹಳಿಯೂ ಅದೇ. ಹಂಡೆ ಅದೇ ದಾರಿ ಹಿಡಿದು ಬಂದಿರಬೇಕು ಎಂದು ನಾನು ಊಹಿಸುತ್ತೇನೆ.

ಅಲ್ಲಿಂದ ಚಾಂಪಿಯನ್ ರೀಫ್ಸ್ ಕಡೆಗೆ ನಡೆದೆ. ಇಲ್ಲಿನ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಸುಡುತ್ತದೆ. ಒತ್ತಡ ತಾಳದೆ ಅದು ಸಿಡಿಯುವುದನ್ನು ಇಲ್ಲಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಬದುಕಿ ಬಂದವರ ಎದೆಯಲ್ಲಿ ಬಂಡೆಯ ದೂಳು ಕೂತು ಸಿಲಿಕೋಸಿಸ್ ಆಗುತ್ತಿತ್ತು. ದಿಬ್ಬದ ಮೇಲಿನ ಬಂಗಲೆಗಳು, ಕ್ಲಬ್ಬು ಒಂದು ಲೋಕ. ಕೆಳಗೆ ಬಿದಿರಿನ ತಟ್ಟಿಗಳಿಂದ ಶುರುವಾದ ಲೈನು ಮನೆಗಳು ಇನ್ನೊಂದು ಲೋಕ.

ಆದರೆ ಲೈನಿನ ಜನರನ್ನು ಬರೀ ನೊಂದವರು ಎಂದು ಬರೆದರೆ ಅದು ಅರ್ಧ ಚರಿತ್ರೆ. ಅಯೋತಿದಾಸ ಪಂಡಿತರು 1898ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲೂ ಚಾಂಪಿಯನ್ ರೀಫ್ಸ್‌ನಲ್ಲೂ ಬೇರು ಬಿಟ್ಟಿತು. 1914ರಲ್ಲಿ ಅವರು ತೀರಿಕೊಂಡ ನಂತರದ ವರ್ಷಗಳಲ್ಲಿ ಅವರ ‘ತಮಿಳನ್’ ಪತ್ರಿಕೆಗೆ ಮತ್ತೆ ಜೀವ ಕೊಟ್ಟು ನಡೆಸಿದ್ದು ಇದೇ ಗಣಿಯೂರಿನ ಜನ. 1930ರಲ್ಲಿ ಕಂಪನಿಯು ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸಲು ಹೊರಟಾಗ ಅವರು 21 ದಿನ ಕೆಲಸ ನಿಲ್ಲಿಸಿದರು. ಕಂಪನಿ ಆ ಯೋಜನೆಯನ್ನು ಕೈಬಿಡಬೇಕಾಯಿತು. ನಮ್ಮ ಹಳ್ಳಿಯವರು ಹೊಸ್ತಿಲ ಆಚೆ ನಿಂತು ಮೊಸರು ಅಳೆದದ್ದು ಇಂಥವರ ಮನೆಗಳಲ್ಲಿ.

ಒಂದು ಲೈನಿನ ಕೊನೆಯಲ್ಲಿ ಬೇವಿನ ಮರದ ನೆರಳು ಹುಡುಕುತ್ತಾ ನಿಂತಿದ್ದೆ. ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಾಗಿಲಿಂದ ಇಣುಕಿದರು.

“ಬಿಸಿಲಲ್ಲಿ ಯಾಕಮ್ಮಾ ನಿಂತಿದ್ದೀಯ? ಒಳಗೆ ಬಾ. ಯಾವೂರು?”

ಊರಿನ ಹೆಸರು ಹೇಳಿದೆ. ಅವರ ಮುಖ ಅರಳಿತು. “ಓ, ತಯಿರ್‌ಕಾರಮ್ಮನೋರ ಊರು!” ತಯಿರು ಎಂದರೆ ತಮಿಳಿನಲ್ಲಿ ಮೊಸರು. ಆ ಕಡೆಯಿಂದ ಮೊಸರು ತರುತ್ತಿದ್ದ ಹೆಂಗಸರ ನೆನಪು ಅವರಿಗೆ ಚೆನ್ನಾಗಿ ಇತ್ತು. ಒಳ್ಳೆ ಗಟ್ಟಿ ಮೊಸರಂತೆ. ನಮ್ಮ ಅವ್ವನೂ ಅವರಲ್ಲಿ ಒಬ್ಬಳು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವ ಕಹಿಯೂ ಇಲ್ಲದ ದನಿಯಲ್ಲಿ ಹೇಳಿದರು: “ಅವರು ಹೊರಗೇ ಕೂರೋರು. ನೀರು ಕೊಟ್ಟರೆ ಬೇಡ ಅನ್ನೋರು. ಅಷ್ಟು ದೂರ ಬಿಸಿಲಲ್ಲಿ ನಡೆದು ಬಂದಿದ್ದಾರೆ, ಬಾಯಾರಿಕೆ ಆಗಲ್ವಾ ಇವರಿಗೆ ಅಂತ ನಮ್ಮಮ್ಮ ಕೇಳ್ತಿದ್ರು.”

ಇಷ್ಟು ವರ್ಷ ಈ ಕಥೆಯನ್ನು ನಾನು ಅವ್ವನ ಕಡೆಯಿಂದ ಮಾತ್ರ ಕೇಳಿದ್ದೆ. ಹೊಸ್ತಿಲ ಒಳಗಿನಿಂದ ಅದು ಹೇಗೆ ಕಾಣುತ್ತಿತ್ತು ಎಂದು ಯೋಚಿಸಿರಲಿಲ್ಲ. ಒಳಗಿದ್ದವರಿಗೆ ಅವಮಾನ ಆಗಿರಬಹುದು ಎಂದುಕೊಂಡಿದ್ದೆ. ಅವರು ಅವ್ವನ ಬಾಯಾರಿಕೆಯ ಬಗ್ಗೆ ಚಿಂತಿಸಿದ್ದರು ಎಂಬುದು ಹೊಳೆದೇ ಇರಲಿಲ್ಲ. “ಅಮ್ಮಾ, ಕುಡಿಯೋಕೆ ನೀರು ಕೊಡ್ತೀರಾ?” ಎಂದೆ. ಸ್ಟೀಲ್ ಚೊಂಬಿನಲ್ಲಿ ತಂದರು. ಎತ್ತಿ ಕುಡಿದೆ. ಕಂಪನಿಯ ಕಾಲದಲ್ಲಿ ಈ ಲೈನುಗಳಿಗೆ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ಬರುತ್ತಿತ್ತು. ಆ ಕೆರೆಯನ್ನು ತುಂಬಿದ್ದು ನಮ್ಮ ಹಳ್ಳಿಗಳ ಮೇಲೆ ಸುರಿದ ಅದೇ ಮಳೆ. ಒಂದು ಚೊಂಬು ನೀರು ಕುಡಿದರೆ ಹಳೆಯ ಲೆಕ್ಕ ತೀರುತ್ತದೆ ಎಂದು ನಾನು ನಂಬುವುದಿಲ್ಲ. ಬಾಯಾರಿತ್ತು, ಕುಡಿದೆ. ಆಮೇಲೆ ಟೀ ಕೊಟ್ಟರು. ಕ್ರಿಸ್‌ಮಸ್‌ಗೆ ಬಾ ಎಂದು ಕರೆದರು. ಪಕ್ಕದ ಬೀದಿಯ ಆಂಗ್ಲೋ ಇಂಡಿಯನ್ ಮನೆಯಿಂದ ಕಲಿತ ರೋಸ್ ಕುಕ್ಕಿಯನ್ನು ಅವರ ಮನೆಯಲ್ಲಿ ಪ್ರತಿ ವರ್ಷ ಮಾಡುತ್ತಾರಂತೆ. ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಕಾದ ಎಣ್ಣೆಗೆ ಇಳಿಸುವ ತಿಂಡಿ. ಅದನ್ನು ಕಲಿಸಿದವರ ಮಕ್ಕಳು ಆಸ್ಟ್ರೇಲಿಯಾದಲ್ಲಿದ್ದಾರಂತೆ. ಅಚ್ಚು ಮಾತ್ರ ಇವರ ಮನೆಯಲ್ಲಿ ಉಳಿದಿದೆ.

ಮಾರಿಕುಪ್ಪಂ ಕಡೆಗೆ ನಡೆದರೆ ಸಯನೈಡ್ ದಿಬ್ಬಗಳು ಎದುರಾಗುತ್ತವೆ. ಚಿನ್ನ ತೆಗೆದುಕೊಂಡ ಮೇಲೆ ಬಿಟ್ಟುಹೋದ ಪುಡಿಮಣ್ಣು. ಗಾಳಿ ಎದ್ದರೆ ಲೈನಿನ ಅಡುಗೆಮನೆಗಳಿಗೂ ನುಗ್ಗುತ್ತದೆ. ಸುಮಾರು 120 ವರ್ಷಗಳಲ್ಲಿ ಈ ನೆಲದಿಂದ 800 ಟನ್‌ಗೂ ಹೆಚ್ಚು ಚಿನ್ನ ಹೊರಗೆ ಹೋಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರುವರಿ 28ರಂದು ಎಲ್ಲವೂ ಮುಚ್ಚಿತು. ಅಂದಿನಿಂದ ಬೆಳಗಿನ ರೈಲೇ ಈ ಊರಿನ ಗಣಿ. ಮೊದಲು ದೂರದ ಊರುಗಳ ಜನ ದುಡಿಯಲು ಇಲ್ಲಿಗೆ ಬರುತ್ತಿದ್ದರು, ಈಗ ಇಲ್ಲಿನವರು ಕತ್ತಲಿರುವಾಗಲೇ ಎದ್ದು ಹೊರಗೆ ಹೋಗುತ್ತಾರೆ.

ಸಂಜೆ ಬಂಗಾರಪೇಟೆಗೆ ವಾಪಸ್ಸು ಬಂದಾಗ ಪಾನಿಪುರಿ ಗಾಡಿಗಳ ಸುತ್ತ ಜನ ಸೇರಿದ್ದರು. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ‘ಬಂಗಾರಪೇಟೆ ಪಾನಿಪುರಿ’ ಎಂಬ ಫಲಕ ನೀವೂ ನೋಡಿರುತ್ತೀರಿ. ಅದರ ಪಾನಿ ಹಸಿರಲ್ಲ, ಕಂದೂ ಅಲ್ಲ. ತಿಳಿನೀರಿನ ಹಾಗೆ ಇರುತ್ತದೆ. ಬರೀ ನೀರು ಎಂದುಕೊಂಡು ಬಾಯಿಗೆ ಹಾಕಿದರೆ ಖಾರ ನೆತ್ತಿಗೇರುತ್ತದೆ. ಬೌರಿಂಗನ ಹೆಸರು ಹೋಯಿತು, ಚಿನ್ನ ಹೋಯಿತು, ಈಗ ಊರಿನ ಹೆಸರನ್ನು ರಾಜಧಾನಿಯಲ್ಲಿ ಉಳಿಸಿರುವುದು ಈ ತಿಳಿನೀರು.

ಬೆಂಗಳೂರಿನಿಂದ ಮರಳಿದ ರೈಲಿನ ಜನ ಇಳಿದು ಬಂದರು. ಡಬ್ಬಿ ಖಾಲಿ, ಹೊಟ್ಟೆಯೂ ಖಾಲಿ. ಗಾಡಿಯವನು ಒಂದೇ ಮಡಕೆಗೆ ಪೂರಿ ಅದ್ದಿ ಅದ್ದಿ ಒಬ್ಬೊಬ್ಬರ ಬಟ್ಟಲಿಗೆ ಇಡುತ್ತಿದ್ದ. ನನ್ನ ಎಡಕ್ಕೆ ನಿಂತವರು ಯಾರೋ, ಬಲಕ್ಕೆ ನಿಂತವರು ಯಾರೋ. ಯಾರೂ ಯಾರ ಊರು ಕೇಳಲಿಲ್ಲ, ಲೈನು ಕೇಳಲಿಲ್ಲ. “ಅಣ್ಣಾ, ಇನ್ನೊಂದ್ ಸ್ವಲ್ಪ ಪಾನಿ” ಎಂದು ಬಟ್ಟಲು ಚಾಚುತ್ತಿದ್ದರು.

ರಾತ್ರಿ ಮನೆಗೆ ಹೋದಾಗ ಅವ್ವ ಎಂದಿನಂತೆ ಕೇಳಿದಳು, “ಏನು ತಿಂದೆ?” ಮುದ್ದೆ, ಬಿರಿಯಾನಿ, ಪಾನಿಪುರಿ ಎಂದು ಲೆಕ್ಕ ಕೊಟ್ಟೆ. ಕೊನೆಗೆ, ಲೈನಿನ ಒಂದು ಮನೆಯಲ್ಲಿ ನೀರು ಕುಡಿದೆ ಎಂದೆ. ಆ ಅಮ್ಮನ ತಾಯಿ ಕೇಳುತ್ತಿದ್ದ ಪ್ರಶ್ನೆಯನ್ನೂ ಹೇಳಿದೆ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ದೀಪ ಆರಿಸುವ ಮುಂಚೆ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ಗೊತ್ತಿಲ್ಲ: “ಆಗ್ತಿತ್ತು, ಬಾಯಾರಿಕೆ. ಯಾಕೆ ಆಗಲ್ಲ?”