ಕಿರ್ಲೋಸ್ಕರ: ಒಂದು ಅಡ್ಡಹೆಸರಿನ ವಿಚಾರ

ತುಂಗಭದ್ರೆಯ ಈಚೆಯ ದಡದಲ್ಲಿ ಹರಿಹರ. ಆಚೆಯ ದಡದಲ್ಲಿ ರಾಣೆಬೆನ್ನೂರಿನ ಸೀಮೆ. 1956ರಲ್ಲಿ ಕನ್ನಡನಾಡು ಒಂದಾಗುವವರೆಗೆ ಈ ದಡವು ಮೈಸೂರಿಗೂ ಆ ದಡವು ಮುಂಬಯಿಗೂ ಸೇರಿದ್ದಿತು. ರಾಜ್ಯಗಳ ಎಲ್ಲೆಯಂತೆ ಹೆಸರಿಡುವ ಪದ್ಧತಿಗಳ ಎಲ್ಲೆಯೂ ಇಲ್ಲಿಯೇ ಹಾಯುತ್ತಿದ್ದಿತು. ದಾವಣಗೆರೆ, ಹರಿಹರಗಳ ಕಡೆಯಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಒಂದೊಂದು ಅಕ್ಷರವಾಗಿ ಕುಗ್ಗಿ ವ್ಯಕ್ತಿನಾಮದ ಮೊದಲಲ್ಲಿ ನಿಲ್ಲುವುದು ರೂಢಿ. ಧಾರವಾಡದ ಕಡೆಯಲ್ಲಿ ಮನೆತನದ ಹೆಸರು ಕೊನೆಯಲ್ಲಿ ಪೂರ್ಣವಾಗಿ ಬರುವುದು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಯಂತ್ರಗಳ ಕಾರ್ಖಾನೆಗೆ 'ಮೈಸೂರು ಕಿರ್ಲೋಸ್ಕರ' ಎಂದು ಹೆಸರಾದಾಗ ಈ ಎರಡು ಪದ್ಧತಿಗಳೂ ಒಂದೇ ಫಲಕದಲ್ಲಿ ಕೂಡಿದಂತಾಯಿತು: ಮೊದಲು ನಾಡು, ಕೊನೆಗೆ ಮನೆತನ.

'ಕಿರ್ಲೋಸ್ಕರ' ಎಂಬುದರ ಅರ್ಥವು ಸರಳವಾದುದು. ಕೊಂಕಣದಲ್ಲಿ, ಈಗಿನ ಸಿಂಧುದುರ್ಗ ಜಿಲ್ಲೆಯಲ್ಲಿ, ಕಿರ್ಲೋಸ್ ಎಂಬ ಹಳ್ಳಿಯುಂಟು, ಅಲ್ಲಿಯವನು ಕಿರ್ಲೋಸ್ಕರ. ಮರಾಠಿಯ ಈ 'ಕರ'ವನ್ನು ಕನ್ನಡದ 'ಗಾರ'ದೊಡನೆ ಬೆರೆಸಲಾಗದು. ಬಳೆಗಾರನ ಹೆಸರು ಕಸುಬನ್ನು ಹೇಳುತ್ತದೆ. ಕಿರ್ಲೋಸ್ಕರನ ಹೆಸರು ನೆಲೆಯನ್ನು ಹೇಳುತ್ತದೆ. ದೂರದ ಹಂಗೇರಿಯಲ್ಲಿಯೂ ಇಂತಹುದೇ ಕ್ರಮವಿದೆ. ಸೆಗೆದ್ ಪಟ್ಟಣದವನು ಅಲ್ಲಿ ಸೆಗೆದಿ. ಕಬ್ಬಿಣದ ಕೆಲಸದವನ ವಂಶಕ್ಕೆ ಕೊವಾಚ್, ಎಂದರೆ ಕಮ್ಮಾರ. ಆ ದೇಶದಲ್ಲಿ ಮನೆತನದ ಹೆಸರೇ ಮೊದಲು, ವ್ಯಕ್ತಿಯ ಹೆಸರು ಅನಂತರ.

ಊರಿನಿಂದ ಹುಟ್ಟಿದ ಅಡ್ಡಹೆಸರಿನಲ್ಲಿ ಒಂದು ಸೂಕ್ಷ್ಮವಿದೆ. ಊರಿನಲ್ಲಿಯೇ ಇರುವವನನ್ನು ಆ ಊರಿನ ಹೆಸರಿನಿಂದ ಕರೆದು ಪ್ರಯೋಜನವಿಲ್ಲ, ಅಲ್ಲಿ ಎಲ್ಲರೂ ಆ ಊರಿನವರೇ. ಬಿಟ್ಟುಹೊರಟವನಿಗೆ ಮಾತ್ರ ಅದು ಗುರುತಾಗುತ್ತದೆ. ಕಿರ್ಲೋಸ್ಕರರ ಚರಿತ್ರೆಯು ಇದಕ್ಕೆ ಸಾಕ್ಷಿ. ಮರಾಠಿ ಸಂಗೀತ ನಾಟಕಕ್ಕೆ ಪ್ರಸಿದ್ಧಿಯನ್ನು ತಂದ ಬಲವಂತ ಪಾಂಡುರಂಗ ಕಿರ್ಲೋಸ್ಕರರು 1843ರಲ್ಲಿಯೂ, ಉದ್ಯಮಿ ಲಕ್ಷ್ಮಣರಾಯರು 1869ರಲ್ಲಿಯೂ ಜನಿಸಿದ್ದು ಕನ್ನಡ ನೆಲವಾದ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಲಕ್ಷ್ಮಣರಾಯರು ಬೆಳಗಾವಿಯಲ್ಲಿ ಬೈಸಿಕಲ್ಲಿನ ಅಂಗಡಿಯಿಂದ ಮೊದಲಾಗಿ ಕಬ್ಬಿಣದ ನೇಗಿಲಿಗೆ ಬಂದರು. 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಾರ್ಖಾನೆಯನ್ನು ಹೂಡಿದರು. ಆ ಸ್ಥಳಕ್ಕೆ ಕಿರ್ಲೋಸ್ಕರವಾಡಿ ಎಂದೇ ಹೆಸರಾಯಿತು. ಊರೊಂದು ಮನೆತನಕ್ಕೆ ಕೊಟ್ಟ ಹೆಸರನ್ನು ಮನೆತನವು ಮತ್ತೊಂದು ಊರಿಗೆ ಕೊಟ್ಟಿತು.

ಹರಿಹರದಲ್ಲಿ ಈ ಶಬ್ದವು ಇನ್ನೊಂದು ಅರ್ಥವನ್ನು ಪಡೆಯಿತು. ಅಲ್ಲಿ ಕಿರ್ಲೋಸ್ಕರವೆಂದರೆ ಹಳ್ಳಿಯೂ ಅಲ್ಲ, ವಂಶವೂ ಅಲ್ಲ. ಲೇತ್ ಯಂತ್ರಗಳ ಕಾರ್ಖಾನೆ, ಅದನ್ನು ನೆಚ್ಚಿದ ಸಂಸಾರಗಳ ಅನ್ನ. ಈ ಶತಮಾನದ ಆದಿಭಾಗದಲ್ಲಿ ಆ ಕಾರ್ಖಾನೆ ನಿಂತುಹೋಯಿತು. ಕೆಲಸಗಾರರು ಬೇರೆ ದುಡಿಮೆಯನ್ನು ಅರಸಬೇಕಾಯಿತು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಕೊಂಕಣದ ಹಳ್ಳಿಯೊಂದನ್ನು ನೆನೆಯುವುದಕ್ಕಾಗಿ ಹುಟ್ಟಿದ ಪದವು ಇಂದು ಹರಿಹರದ ಹಿರಿಯರಿಗೆ ತಮ್ಮ ಊರಿನ ಒಂದು ಕಾಲವನ್ನು ನೆನಪಿಗೆ ತರುತ್ತದೆ. ಕೋಶದಲ್ಲಿ ದೊರೆಯುವುದು ಅಡ್ಡಹೆಸರಿನ ಮೂಲ. ಅದರ ಅರ್ಥವಾದರೋ ಅದನ್ನು ನುಡಿದು ಬಾಳಿದವರಿಂದ ಬೆಳೆಯುತ್ತದೆ.