ಜೋಶಿ, ಆರ್. ಕೆ.
(1936–2008). ಅಕ್ಷರ ವಿನ್ಯಾಸಕಾರ, ಕ್ಯಾಲಿಗ್ರಫಿ ಕಲಾವಿದ, ಪ್ರಾಧ್ಯಾಪಕ, ಮರಾಠಿ ಕವಿ. ಪೂರ್ಣ ಹೆಸರು ರಘುನಾಥ ಕೃಷ್ಣ ಜೋಶಿ. ಮುಂಬಯಿಯ ಜಾಹೀರಾತು ಕ್ಷೇತ್ರದಲ್ಲಿ ಹೆಸರು ಮಾಡಿದ ಮೇಲೆ ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನಲ್ಲಿ ಅಧ್ಯಾಪನಕ್ಕೆ ನಿಂತರು. ಪಾಠ ಮತ್ತು ವೃತ್ತಿ ಇವರಲ್ಲಿ ಬೇರೆಬೇರೆಯಾಗಿ ಉಳಿಯಲಿಲ್ಲ. ಶಿಷ್ಯರಿಗೆ ಮೊದಲು ಕೈಬರಹ, ಆಮೇಲೆ ಕಂಪ್ಯೂಟರ್. ಲೇಖನಿಯ ಓಟ, ಒತ್ತಡಗಳನ್ನು ಬಲ್ಲ ಕೈಗೇ ಅಚ್ಚಿನ ಅಕ್ಷರ ಒಲಿಯುತ್ತದೆಂಬ ನಿಲುವು ಇದರ ಹಿಂದಿತ್ತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಾಮಾನ್ಯ ರೂಪ ಕೊಡುವ 'ದೇಶನಾಗರಿ'ಯನ್ನೂ ಕಲ್ಪಿಸಿದರು. ಪ್ರಯೋಗವಾಗಿ ಕುತೂಹಲಕರವಾದರೂ ಅದು ಬಳಕೆಗೆ ಬರಲಿಲ್ಲ, ಬರುವುದು ಸುಲಭವೂ ಇರಲಿಲ್ಲ.

ಕನ್ನಡಿಗರ ಮಟ್ಟಿಗೆ ಇವರ ಮುಖ್ಯ ಕೊಡುಗೆ 'ತುಂಗಾ'. ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ಈ ಯೂನಿಕೋಡ್ ಫಾಂಟನ್ನು ಜೋಶಿಯವರ ನಿರ್ದೇಶನದಲ್ಲಿ ವಿನಯ್ ಸಾಯ್ನೇಕರ್ ರೂಪಿಸಿದರು. ವ್ಯಂಜನದ ಕೆಳಗೆ ಒತ್ತಕ್ಷರ, ಪಕ್ಕಕ್ಕೆ ಅರ್ಕಾವತ್ತು, ತುದಿಯಲ್ಲಿ ದೀರ್ಘ: ಇವೆಲ್ಲ ಓಪನ್‌ಟೈಪ್ ಎಂಬ ಫಾಂಟ್ ತಂತ್ರದ ನಿಯಮಗಳ ಮೂಲಕ ತಾವಾಗಿಯೇ ಸರಿಯಾದ ಜಾಗದಲ್ಲಿ ಕೂರಬೇಕಿತ್ತು. ತುಂಗಾದ ಚೆಲುವಿನ ಬಗ್ಗೆ ತಕರಾರು ತೆಗೆಯಬಹುದು. ಆದರೆ ಬೇರೆ ತಂತ್ರಾಂಶ ಹಾಕಿಕೊಳ್ಳದೆಯೇ ತೆರೆಯ ಮೇಲೆ ಕನ್ನಡ ಓದಿದ ಅನೇಕರಿಗೆ ಮೊದಲು ಕಂಡ ಅಕ್ಷರ ಇದೇ. ದೇವನಾಗರಿಯ 'ಮಂಗಲ್' ಫಾಂಟ್ ಕೂಡ ಇವರದು.