ಅದಿರಿನೊಳಗೆ ಇಣುಕಿದ ಕಣ್ಣು



ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಎರೆ ಹೊಲಗಳ ಅಡಿಯಲ್ಲಿರುವುದು ಬಸಾಲ್ಟ್ ಶಿಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದದ್ದು. ನಿಪ್ಪಾಣಿಯಿಂದ ಪಶ್ಚಿಮಕ್ಕೆ, ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯ ನೆತ್ತಿಗೆ ಏರಿದರೆ ಅದೇ ಶಿಲೆ ಬೇರೆ ರೂಪ ತಾಳಿದೆ. ಲಕ್ಷಾಂತರ ವರ್ಷಗಳ ಮಳೆ ಸಿಲಿಕಾವನ್ನು ತೊಳೆದೊಯ್ದು ಅಲ್ಯೂಮಿನಿಯಂ, ಕಬ್ಬಿಣಗಳ ಅಂಶವನ್ನು ಉಳಿಸಿತು. ಹೀಗೆ ಆದದ್ದು ಬಾಕ್ಸೈಟ್. ಬೆಳಗಾವಿಯಲ್ಲಿ 1960ರ ದಶಕದ ಕೊನೆಗೆ ಇಂಡಾಲ್ ಕಂಪನಿ (ಮುಂದೆ ಹಿಂಡಾಲ್ಕೊ) ಸ್ಥಾಪಿಸಿದ ಅಲ್ಯೂಮಿನಾ ಕಾರ್ಖಾನೆಗೆ ಈ ಬೆಟ್ಟಗಳ ಅದಿರು ಬಂತು.

ಕಾರ್ಲ್ ಬೇಯರ್ 1888ರಲ್ಲಿ ಕಂಡುಕೊಂಡ ವಿಧಾನ ಕೇಳಲು ಸುಲಭ. ಅದಿರನ್ನು ಅರೆದು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಅಲ್ಯೂಮಿನಾ ಕರಗುತ್ತದೆ. ಕಬ್ಬಿಣ ಕೆಂಪು ಕೆಸರಾಗಿ ಉಳಿಯುತ್ತದೆ. ತೊಡಕು ಅಳಿದುಳಿದ ಸಿಲಿಕಾದ್ದು. ಎರಡು ಮಾದರಿಗಳಲ್ಲೂ ಸಿಲಿಕಾ ಶೇಕಡಾ 4 ಎಂದಿಟ್ಟುಕೊಳ್ಳಿ. ಒಂದರಲ್ಲಿ ಅದು ಬೆಣಚುಕಲ್ಲಿನ ಕಣವಾಗಿದ್ದರೆ ಬಹುಪಾಲು ಕರಗದೆ ಹೊರಗೆ ಹೋಗುತ್ತದೆ. ಇನ್ನೊಂದರಲ್ಲಿ ಕೆಯೊಲಿನೈಟ್ ಎಂಬ ಜೇಡಿಯಾಗಿದ್ದರೆ? ಅದು ಕರಗಿ, ಮತ್ತೆ ಗಟ್ಟಿಯಾಗುವಾಗ ದುಬಾರಿ ಸೋಡಾವನ್ನೂ ಅಲ್ಯೂಮಿನಾವನ್ನೂ ಜೊತೆಗೆ ಒಯ್ಯುತ್ತದೆ. ಒಟ್ಟು ಸಿಲಿಕಾದ ಅಂಕಿಯೊಂದರಿಂದಲೇ ಈ ವ್ಯತ್ಯಾಸ ತಿಳಿಯದು.

ನೋಡಿಯೇ ತಿಳಿಯಬೇಕು. 1850ರ ಸುಮಾರಿಗೆ ಶೆಫೀಲ್ಡಿನ ಹೆನ್ರಿ ಸಾರ್ಬಿ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬೆಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಎಂದು ನಕ್ಕವರಿದ್ದರು! ಆದರೆ ಜೇಡಿಯ ಕಣ ಬೆಳಕಿಗೂ ಸಿಗದಷ್ಟು ಚಿಕ್ಕದು. 1951ರಲ್ಲಿ ಫ್ರಾನ್ಸಿನ ರೇಮೊಂ ಕಾಸ್ಟೆಂಗ್, ಎಲೆಕ್ಟ್ರಾನ್ ಕಿರಣ ತಾಕಿದ ಬಿಂದುವಿನಿಂದ ಹೊಮ್ಮುವ ಎಕ್ಸ್-ಕಿರಣಗಳಿಂದ ಅಲ್ಲಿರುವ ಮೂಲವಸ್ತುಗಳನ್ನು ಗುರುತಿಸುವ ಬಗೆಯನ್ನು ತಮ್ಮ ಪ್ರಬಂಧದಲ್ಲಿ ವಿವರಿಸಿದರು. 1965ರಲ್ಲಿ ಕೇಂಬ್ರಿಜ್‌ನ ಕಂಪನಿಯೊಂದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಮಾರುಕಟ್ಟೆಗೆ ತಂದಿತು. ನಮ್ಮ ಕಸುಬಿನವರಿಗೆ ಇದು ಹತ್ತಿರದ ನೆಂಟ: ಹಳೆಯ ಟೀವಿಯ ಪಿಕ್ಚರ್ ಟ್ಯೂಬಿನಂತೆಯೇ ಇಲ್ಲಿಯೂ ಕಿರಣ ಸಾಲು ಸಾಲಾಗಿ ಓಡಿ ಚಿತ್ರ ಮೂಡಿಸುತ್ತದೆ.

ಇಂದು ಕಂಪ್ಯೂಟರು ಆ ಚಿತ್ರದ ಪ್ರತಿ ಕಣಕ್ಕೂ ಖನಿಜದ ಹೆಸರು ಹಚ್ಚುತ್ತದೆ. ಜೇಡಿ ಅದಿರಿನ ಉಂಡೆಗಳ ಮೇಲೆ ಮೆತ್ತಿಕೊಂಡಿದ್ದರೆ ನೀರಿನಲ್ಲಿ ತೊಳೆದು ಜರಡಿ ಹಿಡಿದರೆ ಸಾಕು. ಉಂಡೆಯ ಒಳಗೇ ಹೆಣೆದುಕೊಂಡಿದ್ದರೆ ಎಷ್ಟು ತೊಳೆದರೂ ನೀರು ದಂಡ. ಆಗ ಅರೆದ ಅದಿರನ್ನು ಸೋಡಾದೊಂದಿಗೆ ಕೆಲವು ತಾಸು ಬಿಸಿಯಲ್ಲಿಟ್ಟು, ಸಿಲಿಕಾವನ್ನು ಮೊದಲೇ ಗಟ್ಟಿಯಾಗಿಸಿ, ಆಮೇಲೆ ಬೇಯಿಸುತ್ತಾರೆ.